ಚೆಕ್ಕುಬಂದಿ

ಇಪ್ಪತ್ತಮೂರನೇ ಮಹಡಿಯ ಫ್ಲ್ಯಾಟಿಗೆ
ಚೆಕ್ಕುಬಂದಿ ಹೇಗಮ್ಮಾ ಬರೆಯುತ್ತೀರಿ ಎಂದು
ಫೋನಿನಲ್ಲಿ ಕೇಳಿದರು ಪುತ್ತೂರಿನ ನನ್ನ ಹಳೆಯ ಸೀನಿಯರು.
ಪೂರ್ವಕ್ಕೆ ಗಾಳಿ ಸಾರ್, ಪಶ್ಚಿಮಕ್ಕೂ ಗಾಳಿ,
ಉತ್ತರಕ್ಕೆ ಲಿಫ್ಟು, ದಕ್ಷಿಣಕ್ಕೆ ಒಬ್ಬ ರಷ್ಯದವನು,
ತಳಕ್ಕೆ ಇನ್ನೊಬ್ಬರ ಸೂರು.
ನಕ್ಕರು, ಕೆಮ್ಮಿದರು.
ಮತ್ತೆ ಆ ಜಲ ತರು ಪಾಷಾಣ ನಿಧಿ ನಿಕ್ಷೇಪ?
ಜಲಕ್ಕೆ ಬೇರೆ ಬಿಲ್ಲು, ಅಂದೆ.
ನಿಧಿ ಬ್ಯಾಂಕಿನದು.

ಇಲ್ಲಿ ನಾನು ವಕೀಲೆಯಲ್ಲ, ಕನ್ಸಲ್ಟೆಂಟು.
ವಾದ ಮಾಡುವವರು ಈ ನೆಲದವರು,
ನನ್ನ ಕಪ್ಪು ಗೌನು ನುಸಿಗುಳಿಗೆಯ ಜೊತೆ ಪೆಟ್ಟಿಗೆಯಲ್ಲಿ.
ನನಗಿರುವುದು ಕಾಗದ.
ಬಲಕ್ಕೆ ಅರಬಿ, ಎಡಕ್ಕೆ ಇಂಗ್ಲಿಷು,
ನಡುವೆ ಕೂದಲೆಳೆಯಂಥ ಗೆರೆ.
ಅರ್ಥಕ್ಕೆ ಜಗಳ ಬಂದರೆ ಬಲದ್ದೇ ಗೆಲ್ಲತಕ್ಕದ್ದು ಎಂದು
ಕೊನೆಯ ಕಲಮಿನಲ್ಲಿ ನಾನೇ ಬರೆಯುತ್ತೇನೆ.
ಆ ಗೆರೆಯ ಮೇಲೆ ಕೂತು
ಯಾರಿಗೂ ಕಾಣದಂತೆ ಕನ್ನಡದಲ್ಲಿ ಲೆಕ್ಕ ಹಾಕುತ್ತೇನೆ.

ಭಾನುವಾರ ಸಂಜೆಯ ಕತೆ ಬೇರೆ.
ದೇರಾದಲ್ಲೊಂದು ಮೀನೂಟದ ಹೋಟೆಲು, ಅದರ ಮೇಲ್ಮಾಳಿಗೆ,
ಸಂಘದವರು ಹಾಕಿಕೊಟ್ಟ ಸ್ಟೀಲು ಮೇಜು,
ಬಂಗುಡೆ ಹುರಿದ ಹೊಗೆ. ಫೀಸಿಲ್ಲ.
ಎಂಟು ಜನರ ರೂಮಿನಲ್ಲಿ ಒಂದು ಮಂಚಕ್ಕೆ ಬಾಡಿಗೆ ತೆತ್ತು
ರಸೀದಿ ಕೇಳಲು ನಾಚಿದ ಹುಡುಗ ಬರುತ್ತಾನೆ.
ಸಹಿ ಹಾಕಿದ ಖಾಲಿ ಚೆಕ್ಕು ಯಾರಿಗೋ ಕೊಟ್ಟು
ನಿದ್ದೆಗೆಟ್ಟ ಲಿಯೊನೋರ ಬಾಯಿ.
ಪಾಯವೇ ಏಳದ ಸೈಟಿನಲ್ಲಿ
ಹನ್ನೊಂದನೇ ಮಹಡಿಗೆ ಒಡೆಯರಾದ ಭಟ್ಕಳದ ಜುಬೇರ್ ಸಾಹೇಬರು
ಕಿಟಕಿಯಾಚೆ ಬೆರಳು ಚಾಚಿ, ಅಷ್ಟೆತ್ತರದಲ್ಲಿದೆ ನನ್ನ ಮನೆ ಅನ್ನುತ್ತಾರೆ.
ಅಷ್ಟೆತ್ತರದಲ್ಲಿ ಒಂದು ಪಾರಿವಾಳ, ಬಾಡಿಗೆಯಿಲ್ಲದೆ.

ಕಳೆದ ನವೆಂಬರಿನಲ್ಲಿ ಶಾಲು ಹೊದಿಸಿದರು.
ಹಣ್ಣಿನ ಬುಟ್ಟಿ, ಸಮಾಜದ ಕಣ್ಮಣಿ ಎಂಬ ಫಲಕ,
ಫಲಕದಲ್ಲಿ ನನ್ನ ಹೆಸರಿನ ಒತ್ತಕ್ಷರ ತಪ್ಪಿತ್ತು.
ತಿದ್ದುಪಡಿ ಪತ್ರ ಮಾಡಿಸೋಣ ಅಂದೆ.
ಯಾರೂ ನಗಲಿಲ್ಲ.

ಈ ಭಾನುವಾರ ಕೊನೆಗೆ ಬಂದವರು ಐತಪ್ಪಣ್ಣ.
ನೈಫ್ ಗಲ್ಲಿಯಲ್ಲಿ ಇಸ್ತ್ರಿ ಅಂಗಡಿ,
ಒಂಬತ್ತು ವರ್ಷದಿಂದ ನನ್ನ ಕೋಟುಗಳ ಮಡಿಕೆ ಬಲ್ಲವರು.
ಓದಿ ಹೇಳಿ ಅಕ್ಕ, ಅಂಗಡಿಗೆ ಬಂತು,
ಎಂದು ಲಕೋಟೆ ಚಾಚಿದರು.
ನಾಲ್ಕನೇ ಸಾಲು ಮುಟ್ಟುವ ಮೊದಲೇ ಗೊತ್ತಾಯಿತು
ಆ ಅಲ್ಪವಿರಾಮ ನನ್ನದು.

ಬರೆದಾಗ ಅದು ಒಂದು ಪ್ಲಾಟು ನಂಬರು,
ಹದಿನಾರು ಬಾಡಿಗೆದಾರರು, ಒಬ್ಬ ಮಾಲೀಕ,
ಅನುಬಂಧ ಎರಡರ ಒಂಬತ್ತನೇ ಸಾಲು: ಲಾಂಡ್ರಿ.
ಹನ್ನೆರಡು ತಿಂಗಳ ಗಡುವು, ನೋಟರಿಯ ಮೊಹರು,
ಸೂಜಿ ತೂರುವಷ್ಟೂ ತೂತಿಲ್ಲ.
ಒಳ್ಳೆಯ ಕೆಲಸ. ಅಂದು ಖುಷಿಗೆ
ಎರಡನೇ ಕರಕ್ ಚಹಾ ತರಿಸಿದ್ದೆ.

ಇದನ್ನು ನಾನು ಓದುವ ಹಾಗಿಲ್ಲ ಅಣ್ಣ.
ಯಾಕೆಂದು ಹೇಳುವ ಹಾಗೂ ಇಲ್ಲ.
ಹಿತಾಸಕ್ತಿ ಸಂಘರ್ಷ ಎಂಬುದಕ್ಕೆ ತುಳುವಿನಲ್ಲಿ ಏನನ್ನುತ್ತಾರೋ
ನೆನಪಾಗದೆ, ಬೇರೊಬ್ಬರ ಹೆಸರು, ನಂಬರು
ಚೀಟಿಯಲ್ಲಿ ಬರೆದು, ಅಭ್ಯಾಸಬಲದಿಂದ
ಕೆಳಗೆ ಸಹಿಯನ್ನೂ ಎಳೆದೆ.
ಅವರಿಗೆ ಇಂಗ್ಲಿಷು ಬಾರದು.
ಆದರೆ ಬಟ್ಟೆಯ ಗುರುತು ಹಿಡಿಯುವ ಕಣ್ಣು.
ಚೀಟಿಯ ಸಹಿ ನೋಡಿದರು,
ನೋಟೀಸಿನ ಸಹಿ ನೋಡಿದರು,
ಅದೇ ಬಾಲ, ಅದೇ ಎರಡು ಚುಕ್ಕೆ.
ನನ್ನನ್ನು ನೋಡಲಿಲ್ಲ.
ಆಯಿತಕ್ಕ, ಅಂದು ಮೆಟ್ಟಿಲಿಳಿದರು.

ಸೋಮವಾರ ಕೋಟು ತರಲು ಹೋದೆ.
ಎಷ್ಟಾಯಿತು ಅಂದರೆ ಯಾವತ್ತೂ, ಇರಲಿ ಅಕ್ಕ.
ಇವತ್ತು, ಏಳು ದಿರ್ಹಂ.
ಹತ್ತು ಕೊಟ್ಟೆ. ಮೂರು ಎಣಿಸಿ ಹಲಗೆಯ ಮೇಲಿಟ್ಟರು.
ತೋಳಿನ ಗೆರೆ ಎಂದಿನಂತೆ, ಬ್ಲೇಡಿನಷ್ಟು ನೇರ.

ಪೂರ್ವಕ್ಕೆ ಮೊಬೈಲು ರಿಪೇರಿಯವನ ಗೋಡೆ,
ಪಶ್ಚಿಮಕ್ಕೆ ಮುಚ್ಚಿದ ಅತ್ತರಿನ ಅಂಗಡಿ,
ಉತ್ತರಕ್ಕೆ ಬೆಕ್ಕು ಮಲಗುವ ಮೆಟ್ಟಿಲು,
ದಕ್ಷಿಣಕ್ಕೆ ಗಲ್ಲಿ,
ಗಲ್ಲಿಯಲ್ಲಿ ಕೋಟು ಹಿಡಿದು ನಿಂತ ನಾನು.
ಹ್ಯಾಂಗರು ಅವರದು.
ವಾಪಸು ಕೊಡಬೇಕು.